ಒಲೆಗೋ ಹೊಲಿಗೆಗೋ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂದು ಒಂದು ಕಾಲದಲ್ಲಿ ರಾಜ್ಯವೆಲ್ಲ ನಂಬಿತ್ತು. ಈಗಲೂ ನಂಬುವವರಿದ್ದಾರೆ. ಆ ಊರಿಗೆ ನಾನು ಇಪ್ಪತ್ತೆರಡು ವರ್ಷದಿಂದ, ಭಾನುವಾರವೊಂದು ಬಿಟ್ಟು, ದಿನಾ ಕಾಲಿಡುತ್ತಿದ್ದೇನೆ. ನನ್ನದು ಪ್ಲಾಸ್ಟಿಕ್ ಕುರ್ಚಿ. ಸರ್ಕಾರಿ ಕಚೇರಿಗಳ ಎದುರಿನ ಅಂಗಡಿ ಸಾಲಿನಲ್ಲಿ ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಆ ಕುರ್ಚಿ, ಇಷ್ಟು ನನ್ನ ಸಾಮ್ರಾಜ್ಯ. ಜನರ ಅರ್ಜಿ ಬರೆದುಕೊಡುವುದು ಕಸುಬು. ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುವುದರೊಳಗೆ ಒಬ್ಬ ಮನುಷ್ಯನ ಇಡೀ ಸಂಕಟವನ್ನು ಒಂದೇ ಹಾಳೆಯಲ್ಲಿ ಕೂರಿಸಬಲ್ಲೆ. ಎರಡನೇ ಹಾಳೆಗೆ ಹೋದ ಅರ್ಜಿಯನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಅನುಭವ. ಮೊದಲನೇ ಹಾಳೆಯನ್ನಾದರೂ ಓದುತ್ತಾರೆಯೇ ಎಂಬುದು ನನ್ನ ಚಿಂತೆ.

ಚಿಂತೆ ನನ್ನ ಇನ್ನೊಂದು ಕಸುಬು. ಅದಕ್ಕೆ ರಜೆಯಿಲ್ಲ. ಹೆಚ್ಚಾಗಿ ಅದನ್ನು ಬಸ್ಸಿನಲ್ಲಿ ಮಾಡುತ್ತೇನೆ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನದು, ತೆರಕಣಾಂಬಿಯಿಂದ ಸ್ವಲ್ಪ ಒಳಗೆ. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಕೊಟ್ಟು ಕೂತರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ, ನಡುವಿನ ಒಂದು ಜಾಗಕ್ಕೆ ಹೋಗಿಬಿಡುತ್ತೇನೆ. ಚಳಿಗಾಲದಲ್ಲಂತೂ ಒಳಗೂ ಹೊರಗೂ ಒಂದೇ ಮಂಜು. ಅರಿಶಿನದ ಹೊಲಗಳು ತೇಲಿಕೊಂಡು ಬರುತ್ತವೆ, ತೇಲಿಕೊಂಡು ಹೋಗುತ್ತವೆ. ವಾಹನಗಳು ತುಳಿದು ಒಕ್ಕಲಿ ಎಂದು ಜನ ರಸ್ತೆಯ ಮೇಲೆ ಹುರುಳಿ ಹರಡಿರುತ್ತಾರೆ. ಬಸ್ಸಿನ ಚಕ್ರ ಅದರ ಮೇಲೆ ಹರಿದಾಗ ಸದ್ದೆಲ್ಲ ಒಮ್ಮೆಗೇ ಮೆತ್ತಗಾಗುತ್ತದೆ, ಯಾರೋ ರಸ್ತೆಗೆ ಹಾಸಿಗೆ ಹಾಸಿದ ಹಾಗೆ. ನಾನು ರಾಜಕೀಯಕ್ಕೆ ಬಂದದ್ದು ಕೂಡ ನನಗೆ ಈ ಕಿಟಕಿಯಿಂದ ಕಂಡ ಹಾಗೆಯೇ ನೆನಪಿದೆ. ನಡೆದದ್ದು ಎಷ್ಟು, ತೂಕಡಿಕೆಯಲ್ಲಿ ಬೆರೆತದ್ದು ಎಷ್ಟು, ಖಚಿತವಾಗಿ ಹೇಳಲಾರೆ. ಮುಖ್ಯವಾದದ್ದು ನಡೆದದ್ದೇ.

ನಮ್ಮ ವಾರ್ಡಿಗೆ ಎರಡು ಬೀದಿ. ಕೆಳಗಿನ ಬೀದಿಯಲ್ಲಿ ನನ್ನ ಮನೆ. ಮೇಲಿನ ಬೀದಿಯಲ್ಲಿ ನನ್ನ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಊರಿನ ನೀರಿನ ಟ್ಯಾಂಕನ್ನು ತಗ್ಗಿನಲ್ಲಿ ಕಟ್ಟಿದ್ದಾರೆ. ಅಲ್ಲಿಂದ ಹೊರಟ ನೀರು ಕೆಳಗಿನ ಬೀದಿಯ ಕೊಡಗಳನ್ನೆಲ್ಲ ತುಂಬಿಸಿ, ಮೇಲಿನ ಬೀದಿಯ ಏರು ಹತ್ತುವಷ್ಟರಲ್ಲಿ ದಣಿದು ನಿಂತುಬಿಡುತ್ತದೆ. ಅಲ್ಲಿನ ನಲ್ಲಿಗಳಲ್ಲಿ ಬರುತ್ತಿದ್ದದ್ದು ಗಾಳಿ. ಎಪ್ಪತ್ತು ದಾಟಿದ ದೊಡ್ಡವ್ವ ನಮ್ಮ ಬೀದಿಗೆ ಇಳಿದು ಬಂದು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹತ್ತಿ ಹೋಗುತ್ತಿದ್ದಳು. ನಾನು ಹೊತ್ತುಕೊಡಲು ಹೋದರೆ ಬಿಡುತ್ತಿರಲಿಲ್ಲ, ಅರ್ಜಿ ಬರೆಯುವ ಕೈ ನೋಯುತ್ತದಂತೆ. ಆ ಬೀದಿಯ ಪರವಾಗಿ ಹನ್ನೊಂದು ಅರ್ಜಿ ಬರೆದಿದ್ದೆ. ಒಂದಕ್ಕಿಂತ ಒಂದು ಚೆಂದ. ಏಳನೆಯದನ್ನು ಈಗ ಓದಿದರೂ ನನಗೇ ಕಣ್ಣು ತುಂಬುತ್ತದೆ. ಕೊಡ ಮಾತ್ರ ತುಂಬಲಿಲ್ಲ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಆಕೆ ರಾಜೀನಾಮೆ ಕೊಟ್ಟರು. ಆ ರಾಜೀನಾಮೆ ಪತ್ರವನ್ನು ಬರೆದವನೂ ನಾನೇ. ಮೀಸಲಾತಿಯಿಲ್ಲದ ಆ ಒಂದು ಸ್ಥಾನಕ್ಕೆ ಉಳಿದ ಅವಧಿಗೆ ಉಪಚುನಾವಣೆ ಎಂದು ಸುದ್ದಿಯಾಯಿತು. ಹನ್ನೆರಡನೇ ಅರ್ಜಿಯ ಕರಡು ಹಿಡಿದು ದೊಡ್ಡವ್ವನ ಜಗಲಿಗೆ ಹೋದೆ. ಅವಳು ಹಾಳೆಯನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡಳು.

“ಬರ್ದಿದ್ದು ಸಾಕು ಕಣ ಮಗ. ಅರ್ಜಿ ಓದೋರ ಜಾಗ್ದಲ್ಲಿ ಓಗಿ ಕೂತ್ಕ.”

ನನಗೆ ಯಾಕೆ ದೊಡ್ಡವ್ವ ಅದೆಲ್ಲ ಎಂದೆ.

“ನಿಂಗಲ್ಲ, ನಲ್ಲಿಗೆ,” ಎಂದಳು.

ಮರುದಿನ ಬಸ್ಸಿನಲ್ಲಿ ನನ್ನ ಚಿಂತೆಗಳಿಗೆ ಕೂರಲು ಜಾಗ ಸಾಲಲಿಲ್ಲ. ನಾಮಪತ್ರ ತಿರಸ್ಕಾರವಾದರೆ ಅವಮಾನ. ಸೋತರೆ ಇನ್ನೂ ಅವಮಾನ. ಎಲ್ಲಕ್ಕಿಂತ ಭಯವಾದದ್ದು ಗೆದ್ದರೆ ಏನು ಮಾಡುವುದು ಎಂದು. ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. ಆಕೆ ಗುಂಡ್ಲುಪೇಟೆಯ ಹೆಣ್ಣು, ನಮ್ಮೂರ ಅಂಗನವಾಡಿಯ ಕಾರ್ಯಕರ್ತೆ. ಚುನಾವಣೆಯಲ್ಲಿ ತಾನು ಯಾರ ಪರವೂ ಮಾತಾಡುವಂತಿಲ್ಲ, ಮೇಲಿಂದ ಸುತ್ತೋಲೆ ಬಂದಿದೆ ಎಂದಳು. ಅದು ಬೀದಿಯಲ್ಲಿ ಕಣೇ, ಅಡಿಗೆಮನೆಯಲ್ಲಿ ಅಲ್ಲ ಎಂದೆ. ಸುತ್ತೋಲೆಯಲ್ಲಿ ಅಡಿಗೆಮನೆ ಬಿಟ್ಟು ಅಂತ ಎಲ್ಲೂ ಬರೆದಿಲ್ಲವಲ್ಲ ಎಂದಳು. ಅಂದಿನಿಂದ ಫಲಿತಾಂಶದವರೆಗೆ ಆಕೆ ನನ್ನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಅದಕ್ಕೆ ಮೊದಲೂ ಅಷ್ಟಾಗಿ ಆಡುತ್ತಿರಲಿಲ್ಲ, ಈಗ ಕಾನೂನಿನ ಬಲ ಸಿಕ್ಕಿತು.

ಎದುರಿಗೆ ನಿಂತವನು ಒಬ್ಬನೇ. ನಮ್ಮ ಕೆಳಗಿನ ಬೀದಿಯವನೇ, ದೂರದ ಸಂಬಂಧದಲ್ಲಿ ನನಗೆ ಅಕ್ಕನ ಮಗ, ಹದಿನೈದು ವರ್ಷ ಚಿಕ್ಕವನು. ಈರುಳ್ಳಿ ವ್ಯಾಪಾರ, ಸ್ವಂತದ ಟೆಂಪೊ, ಮಡಿಸಿದ ತೋಳಿನ ಬಿಳಿ ಅಂಗಿ. ನಿಂತುಕೊಳ್ಳಲೆಂದೇ ಹುಟ್ಟಿದವನ ಹಾಗಿದ್ದ. ಒಂದು ಮಧ್ಯಾಹ್ನ ಚಾಮರಾಜನಗರದ ನನ್ನ ಅಂಗಡಿಗೇ ಬಂದು ಎದುರಿನ ಸ್ಟೂಲಿನಲ್ಲಿ ಕೂತ.

“ಮಾವ, ನೀ ನಿಲ್ತೀಯ ಅಂತ ಗೊತ್ತಿದ್ರೆ ನಾ ನಿಲ್ತಾನೇ ಇರ್ಲಿಲ್ಲ ಕಣ್ ಮಾವ.”

“ಈಗ ಗೊತ್ತಾಯ್ತಲ್ಲ, ಬುಟ್ಬುಡು.”

“ಈಗೆಂಗೆ? ಬ್ಯಾನರ್ ಮಾಡ್ಸ್ಬುಟ್ಟಿವ್ನಲ್ಲ.”

ಆಮೇಲೆ ಜೇಬಿನಿಂದ ಖಾಲಿ ನಾಮಪತ್ರ ತೆಗೆದು, ತುಂಬಿಕೊಡು ಮಾವ, ನಂಗೆ ಇದೆಲ್ಲ ಬರಲ್ಲ ಎಂದ. ತುಂಬಿಕೊಟ್ಟೆ. ಬಿಟ್ಟ ಜಾಗ, ಸಹಿ, ಘೋಷಣೆ, ಎಲ್ಲವನ್ನೂ ಎರಡೆರಡು ಸಲ ನೋಡಿ, ಒಂದು ತಪ್ಪೂ ಇಲ್ಲದ ಹಾಗೆ ತುಂಬಿದೆ. ನನ್ನದರಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ಬರೆದಿದ್ದೆ. ಪರಿಶೀಲನೆಗೆ ಕೂತಿದ್ದ ಅಧಿಕಾರಿ ಒಳ್ಳೆಯವರು, ತಿದ್ದಲು ಬಿಟ್ಟರು.

ಗುರುತು ಹಂಚುವ ದಿನ ನಮ್ಮಿಬ್ಬರ ಮುಂದೆ ಚಿತ್ರಗಳ ಹಾಳೆ ಇಟ್ಟರು. ಪಂಚಾಯಿತಿ ಚುನಾವಣೆಗೆ ಪಕ್ಷದ ಗುರುತಿಲ್ಲ, ಈ ಹಾಳೆಯಲ್ಲಿ ಇರುವುದರಲ್ಲೇ ಒಂದು ಆರಿಸಬೇಕು. ನನಗೆ ಒಂದೊಂದು ಚಿತ್ರದಲ್ಲೂ ಒಂದೊಂದು ಅಪಶಕುನ ಕಾಣಿಸಿತು. ಏಣಿ, ಅದರಿಂದ ಬೀಳುತ್ತಾರೆ. ಮೇಣದ ಬತ್ತಿ, ಅದು ಆರುತ್ತದೆ. ಫ್ಯಾನು, ಕರೆಂಟು ಹೋದರೆ ನಿಲ್ಲುತ್ತದೆ, ಮತ್ತೆ ನಮ್ಮ ಕಡೆ ಕರೆಂಟು ಇರುವುದೇ ಕಡಿಮೆ. ಕೊನೆಗೆ ಹೊಲಿಗೆ ಯಂತ್ರ ಕಂಡಿತು. ಹರಿದದ್ದನ್ನು ಸೇರಿಸುವ ವಸ್ತು. ಎಷ್ಟು ಹೊತ್ತು ನೋಡಿದರೂ ಅದರಲ್ಲಿ ಕೆಟ್ಟದ್ದು ಹೊಳೆಯಲಿಲ್ಲ. ಅದನ್ನೇ ತೆಗೆದುಕೊಂಡೆ. ಅವನು ಗ್ಯಾಸ್ ಸ್ಟವ್ ಆರಿಸಿದ. ಎಲ್ಲ ಮನೆಯಲ್ಲೂ ಇದೆ ಎಂಬುದು ಅವನ ಲೆಕ್ಕ.

ಹೆಸರಿಡುವಾಗ ಇಬ್ಬರೂ ಜಾಣತನ ಮಾಡಿದೆವು. ನಮ್ಮ ಕಡೆ ಗ್ಯಾಸ್ ಬಿಡುವುದು ಎಂದರೆ ಸುಳ್ಳು ಬಡಾಯಿ ಕೊಚ್ಚುವುದು. ಪಡ್ಡೆ ಹುಡುಗರು ಆಡಿಕೊಂಡಾರು ಎಂದು ಅವನು ಗ್ಯಾಸನ್ನು ಬಿಟ್ಟು ತನ್ನ ಗುರುತನ್ನು ಬರೀ ‘ಒಲೆ’ ಎಂದು ಕರೆದ. ನನ್ನದನ್ನು ಜನ ಸಹಜವಾಗಿ ಮಿಷನ್ನು ಎನ್ನಬಹುದಿತ್ತು. ಆದರೆ ನಮ್ಮೂರಲ್ಲಿ ಮಿಷನ್ನು ಎಂದರೆ ಹಿಟ್ಟಿನ ಗಿರಣಿ, ಆ ಗಿರಣಿ ಅವನ ಚಿಕ್ಕಪ್ಪನದು. ಅವರಿಗೆ ಯಾಕೆ ಪುಕ್ಕಟೆ ಪ್ರಚಾರ ಎಂದು ನಾನು ಮಿಷನ್ನನ್ನು ಬಿಟ್ಟು ಬರೀ ‘ಹೊಲಿಗೆ’ ಎಂದೆ. ಅವನದು ಒಲೆ, ನನ್ನದು ಹೊಲಿಗೆ. ಹಾಳೆಯ ಮೇಲೆ ಬರೆದು ನೋಡಿದೆ, ಎಷ್ಟು ಬೇರೆ ಬೇರೆಯಾಗಿ ಕಂಡವು.

ಇಲ್ಲಿ ನನ್ನ ನಾಲಿಗೆಯ ವಿಚಾರ ಹೇಳಬೇಕು. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ. ಮೂರನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟರು ನಮ್ಮ ಅಂಗೈಯನ್ನು ನಮ್ಮದೇ ಬಾಯಿಯ ಮುಂದೆ ಹಿಡಿಸಿ ಹಸು, ಹಾಲು, ಹಣ್ಣು, ಹೊಲ ಎಂದು ಹೇಳಿಸುತ್ತಿದ್ದರು. ಉಸಿರು ಅಂಗೈಗೆ ತಾಗಿದರೆ ಹಕಾರ ಬಂದಂತೆ. ಇಡೀ ತರಗತಿಯಲ್ಲಿ ನನಗೊಬ್ಬನಿಗೇ ತಾಗಿತು. ಅದನ್ನು ಇವತ್ತಿನವರೆಗೆ ಚಿನ್ನದ ಹಲ್ಲಿನ ಹಾಗೆ ಕಾಪಾಡಿಕೊಂಡು ಬಂದಿದ್ದೇನೆ. ಊರಿನವರಿಗೆ ಅದು ಪೇಟೆಯ ಜಂಬ. ಪ್ರಚಾರ ಶುರುವಾಗುವ ಹಿಂದಿನ ದಿನ ದೊಡ್ಡವ್ವ ಕರೆದು, ನೀನು ಆಫೀಸಿನವರ ಹಾಗೆ ಮಾತಾಡಬೇಡ, ನಮ್ಮವನ ಹಾಗೆ ಮಾತಾಡು ಎಂದು ಬುದ್ಧಿ ಹೇಳಿದಳು.

ಜನರ ಮಾತಿನಲ್ಲಿ ಮಾತಾಡಬೇಕು, ರಾಜಕೀಯದ ಮೊದಲ ಪಾಠವೇ ಅದಲ್ಲವೇ ಎಂದು ನನಗೂ ಅನ್ನಿಸಿತು. ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದೆ. ಓಗ್ಬತ್ತೀನಿ. ಆಕ್ಬುಡಿ. ಎಂಗಿದ್ದೀರಿ. ಕಂಡಕ್ಟರು ಎರಡು ಸಲ ತಿರುಗಿ ನೋಡಿದರು. ಹೊರಗೆ ಮಂಜಿನಲ್ಲಿ ಗೋಪಾಲಸ್ವಾಮಿ ಬೆಟ್ಟ ಇರಬೇಕಾದ ಕಡೆ ಏನೂ ಇರಲಿಲ್ಲ. ಆ ಖಾಲಿಗೆ ಕೈಮುಗಿದು, ನಲವತ್ತು ವರ್ಷ ಸಾಕಿದ ಹಕಾರವನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ.

ಐದು ದಿನದ ಪ್ರಚಾರ ಎಂದರೆ ನನಗೆ ನೆನಪಾಗುವುದು ಬೆಳಗಿನ ಬೀದಿ. ಬಚ್ಚಲ ಹೊಗೆ ಮಂಜಿನೊಳಗೆ ಸೇರಿಕೊಂಡು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರ ಮುಖ ಹತ್ತಿರ ಹೋಗುವವರೆಗೂ ಕಾಣುತ್ತಿರಲಿಲ್ಲ, ದನಿ ಮಾತ್ರ ಮೊದಲೇ ಬರುತ್ತಿತ್ತು. ಹುಟ್ಟಿದಾಗಿನಿಂದ ನಡೆದ ಬೀದಿ ಆ ಐದು ದಿನ ನನಗೆ ಯಾರದೋ ಊರಿನ ಹಾಗೆ, ಕನಸಿನಲ್ಲಿ ಕಂಡ ಊರಿನ ಹಾಗೆ ಇತ್ತು. ಪ್ರತಿ ಬಾಗಿಲಲ್ಲೂ ಕೈಮುಗಿದು ಒಂದೇ ಮಾತು ಹೇಳಿದೆ. ನಮ್ ಗುರ್ತು ಒಲ್ಗೆ, ಒಲ್ಗೆ ಓಟಾಕಿ. ಎಲ್ಲರೂ ತಲೆಯಾಡಿಸಿದರು. ಒಲ್ಗೇ ಆಕ್ತೀವಿ ಬುಡಪ್ಪ ಎಂದರು. ಇಷ್ಟು ಸುಲಭವೇ ರಾಜಕೀಯ ಎಂದು ನನಗೇ ಅನುಮಾನ ಬಂತು. ಆದರೆ ಅನುಮಾನ ನನಗೆ ಎಲ್ಲದರ ಮೇಲೂ ಬರುವುದರಿಂದ ಅದಕ್ಕೆ ಬೆಲೆ ಕೊಡಲಿಲ್ಲ.

ಮೂರನೇ ದಿನ ಕರಪತ್ರ ತಂದೆ. ಸ್ವಂತ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಪ್ರೆಸ್ಸಿಗೆ ಯಾಕೆ ಹೋಗಬೇಕು ಎಂದು ನಾನೇ ತೆಗೆದಿದ್ದೆ. ನನ್ನ ಯಂತ್ರದಲ್ಲಿ ಎಲ್ಲವೂ ಸ್ವಲ್ಪ ಹೆಚ್ಚೇ ಕಪ್ಪಾಗಿ ಬರುತ್ತದೆ. ನನ್ನ ಫೋಟೊ ಪೊಲೀಸರು ಹುಡುಕುತ್ತಿರುವ ಆರೋಪಿಯ ಫೋಟೊದ ಹಾಗಿತ್ತು. ಹೊಲಿಗೆ ಯಂತ್ರ ಒಂದು ಕಪ್ಪು ಮುದ್ದೆ, ಅದಕ್ಕೆ ಒಂದು ಕಡೆ ದುಂಡಗೆ ಚಕ್ರ. ಮೊದಲ ಪ್ರತಿಯನ್ನು ದೊಡ್ಡವ್ವನಿಗೆ ಕೊಟ್ಟೆ. ಜಗಲಿಯ ಬಿಸಿಲಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದವಳು ಹಾಳೆಯನ್ನು ಕೈಯಳತೆ ದೂರ ಹಿಡಿದು ನೋಡಿದಳು.

“ಒಲೆ ಚೆಂದಾಗಿ ಬಂದದೆ ಕಣ ಮಗ.”

“ಯಾವ ಒಲೆ ದೊಡ್ಡವ್ವ?”

“ನಿಂದೇಯ. ಒಲ್ಗೆ ಒಲ್ಗೆ ಅಂತ ನೀನೇ ತಾನೆ ಏಳ್ಕಂಡು ತಿರುಗ್ತಿರೋದು.”

ಆಗ ನನ್ನ ಕಿವಿಗೆ ನನ್ನ ಮಾತು ಮೊದಲ ಸಲ ಕೇಳಿಸಿತು. ಹೊಲಿಗೆಯ ಹಕಾರ ತೆಗೆದು ಊರವರ ಹಾಗೆ ಹೇಳಿದರೆ ಒಲ್ಗೆ. ‘ಒಲೆಗೆ ಓಟು ಹಾಕಿ’ ಎಂಬುದನ್ನು ಊರವರ ಹಾಗೆ ಬೇಗ ಹೇಳಿದರೆ, ಅದೂ ಒಲ್ಗೆ. ಮೂರು ದಿನದಿಂದ ನಾನು ಎರಡೂ ಬೀದಿ ತಿರುಗಿ, ಕೈಮುಗಿದು, ಎದುರಾಳಿಗೆ ಓಟು ಕೇಳಿದ್ದೆ. ಅದೂ ಅವನಿಗಿಂತ ಹೆಚ್ಚು ವಿನಯದಿಂದ.

ಅಷ್ಟೇ ಆಗಿದ್ದರೆ ಹೇಗೋ ಸರಿಮಾಡಬಹುದಿತ್ತು. ದೊಡ್ಡವ್ವ ಕಾಯಿ ಸುಲಿಯುತ್ತಲೇ ಇನ್ನೊಂದು ಹೇಳಿದಳು. ಮೇಲಿನ ಬೀದಿಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದು ಬೇಡವಂತೆ.

“ಬರೀ ಏಳಿಲ್ಲ ಕಣ ನಾನು, ಆಣೆ ಮಾಡ್ಸಿವ್ನಿ. ಒಂದೊಂದು ಮನೆ ಒಳಿಕ್ಕೂ ಓಗಿ, ಒಲೆ ಮುಟ್ಸಿ.”

ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆಯನ್ನಾದರೂ ತಪ್ಪಿ ನಡೆಯುವವರುಂಟು. ಮನೆಮಂದಿಗೆಲ್ಲ ಅನ್ನ ಬೇಯುವ ಒಲೆ ಮುಟ್ಟಿ ಹೇಳಿದ ಮಾತನ್ನು ಹೆಂಗಸರು ಮೀರುವುದಿಲ್ಲ. ಸೌದೆ ಒಲೆಯಾದರೇನು, ಗ್ಯಾಸಾದರೇನು. ಒಂದು ಇಡೀ ಬೀದಿ, ನೀರಿಲ್ಲದ ಆ ಬೀದಿ, ಯಾರಿಗಾಗಿ ನಾನು ನಿಂತಿದ್ದೆನೋ ಆ ಬೀದಿ, ಒಲೆ ಮುಟ್ಟಿ ಒಲೆಗೇ ಓಟು ಹಾಕುವುದಾಗಿ ಮಾತು ಕೊಟ್ಟು ಕೂತಿತ್ತು. ನಾನು ಜಗಲಿಯ ಕಂಬಕ್ಕೆ ಒರಗಿದೆ. ಬಿಸಿಲು ಬೆಚ್ಚಗಿತ್ತು. ಅವರೆಕಾಯಿಯ ಸೊಗಡು ಮೂಗಿಗೆ ತುಂಬಿ, ಇದು ಬಸ್ಸಿನ ತೂಕಡಿಕೆಯೇ ಇರಬೇಕು, ಈಗ ಕಂಡಕ್ಟರು ಸ್ಟಾಪು ಬಂತು ಅನ್ನುತ್ತಾರೆ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಅನ್ನಲಿಲ್ಲ.

ಕೊನೆಗೆ ಹೇಳಿದೆ. ನನ್ನದು ಒಲೆಯಲ್ಲ ದೊಡ್ಡವ್ವ, ಬಟ್ಟೆ ಹೊಲಿಯುತ್ತಾರಲ್ಲ ಅದು, ಒಲೆ ಅವನದು. ಹೇಳುವಾಗ ನನ್ನ ಅಂಗೈ ತಾನಾಗಿಯೇ ಬಾಯಿಯ ಮುಂದೆ ಬಂದಿತ್ತು.

ಅವಳು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

“ನಾನು ಏನಂತ ಆಣೆ ಮಾಡ್ಸ್ದೆ? ಒಲ್ಗೆ ಓಟಾಕ್ತೀವಿ ಅಂತ. ನಿನ್ ಗುರ್ತೇನು?”

“ಹೊಲಿಗೆ.”

“ನಮ್ಮಂಗೆ ಬಾಯ್ಬುಟ್ಟು ಏಳು.”

“ಒಲ್ಗೆ.”

“ಮತ್ತೆ? ಆಣೆ ಇರೋದು ಮಾತ್ಗೆ ಕಣ ಮಗ, ಚಿತ್ರಕ್ಕಲ್ಲ. ಆಣೆ ಅಂಗೇ ಇರ್ಲಿ, ಅರ್ತ ಬದ್ಲಾಯ್ಸ್ಕಳಿ ಅಂತ ಏಳ್ಬತ್ತೀನಿ ಬುಡು.”

ಇಪ್ಪತ್ತೆರಡು ವರ್ಷ ಕಾನೂನಿನ ಪಕ್ಕದಲ್ಲೇ ಕೂತಿದ್ದೇನೆ. ಎಷ್ಟೋ ವಕೀಲರ ನೋಟಿಸು ಟೈಪು ಮಾಡಿದ್ದೇನೆ. ಇಂಥದೊಂದು ವಾದ ನನ್ನ ಕೀಬೋರ್ಡಿನ ಮೇಲೆ ಹಾದುಹೋಗಿರಲಿಲ್ಲ. ಅವಳು ಸೆರಗು ಕೊಡವಿಕೊಂಡು ಎದ್ದು, ಅದೇ ಮಧ್ಯಾಹ್ನ ಮತ್ತೆ ಮೊದಲನೇ ಮನೆಯಿಂದ ಶುರುಮಾಡಿದಳು.

ಉಳಿದ ಎರಡು ದಿನ ಮೇಲಿನ ಬೀದಿಯಲ್ಲಿ ಒಂದು ಧರ್ಮಜಿಜ್ಞಾಸೆಯೇ ನಡೆಯಿತಂತೆ. ಆಣೆ ಮಾತಿನದೋ ಮುಟ್ಟಿದ ವಸ್ತುವಿನದೋ. ಮುಟ್ಟಿದ್ದು ಒಲೆಯನ್ನು ತಾನೆ ಎಂದು ಒಬ್ಬಾಕೆ. ಮುಟ್ಟಿದ್ದು ಒಲೆ, ಆದರೆ ಮನಸ್ಸಿನಲ್ಲಿ ಇದ್ದದ್ದು ಅರ್ಜಿ ಬರೆಯುವವನು ಎಂದು ಇನ್ನೊಬ್ಬಾಕೆ. ಮದುವೆಯಲ್ಲಿ ಗಂಡನ ಕೈ ಹಿಡಿದಾಗ ಮನಸ್ಸಿನಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದರಾ, ಹಿಡಿದ ಕೈಯೇ ಲೆಕ್ಕ ಎಂದು ಮೂರನೆಯಾಕೆ ಹೇಳಿ ಎಲ್ಲರ ಬಾಯಿ ಮುಚ್ಚಿಸಿದಳಂತೆ. ಇದನ್ನೆಲ್ಲ ದೊಡ್ಡವ್ವ ಬಂದು ನಗುನಗುತ್ತ ಹೇಳಿದಳು. ನಾನು ಮತ್ತೆ ಹಕಾರ ಕೂಡಿಸಿಕೊಂಡು ಮನೆಮನೆಗೆ ಹೋದೆ. ಹೊ-ಲಿ-ಗೆ ಎಂದು ಬಿಡಿಸಿ ಹೇಳಿ, ಗಾಳಿಯಲ್ಲಿ ಕಾಲಾಡಿಸಿ ಮಿಷನ್ ತುಳಿಯುವ ಅಭಿನಯ ಮಾಡಿದೆ. ಜನ ಕರುಣೆಯಿಂದ ನೋಡಿದರು. ಕಾಲು ನೋವಾ ಎಂದು ಒಬ್ಬರು ಕೇಳಿದರು.

ಅದೇ ಎರಡು ದಿನದಲ್ಲಿ ಎದುರಾಳಿಯೂ ಮೇಲಿನ ಬೀದಿಗೆ ಹೋಗಿದ್ದ. ಒಲ್ಗೆ ಆಕ್ಬುಡಿ ಅಕ್ಕ ಎಂದು ಕೇಳಿದ್ದಾನೆ. ಒಲ್ಗೇ ಅಂತ ಆಣೆ ಮಾಡಿವ್ನಿ ಬುಡಪ್ಪ ಎಂದು ಪ್ರತಿ ಮನೆಯಲ್ಲೂ ಹೇಳಿದ್ದಾರೆ. ಇಡೀ ಬೀದಿ ತನ್ನದಾಯಿತೆಂದು ಖುಷಿಯಾಗಿ ಇಳಿದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮತದಾನದ ದಿನ ಶಾಲೆಯಿಂದ ನೂರು ಮೀಟರು ದೂರದ ಗೆರೆಯ ಆಚೆ ನಿಂತಿದ್ದೆ. ಓಟು ಹಾಕಿ ಬಂದ ಮೇಲಿನ ಬೀದಿಯ ಹೆಂಗಸರು ಮಂಜಿನೊಳಗಿಂದ ಒಬ್ಬೊಬ್ಬರೇ ಮೂಡಿ ಬಂದು, ಬೆರಳಿನ ಶಾಯಿ ತೋರಿಸಿ, ಪಕ್ಕದಲ್ಲಿ ಹಾದು ಹೋಗುವಾಗ ಮೆಲ್ಲಗೆ ಹೇಳಿದರು, ಒಲ್ಗೆ ಆಕ್ಬುಟ್ಟೊ ಕಣಪ್ಪ. ಎಲ್ಲರ ಮುಖದಲ್ಲೂ ಮಾತು ಉಳಿಸಿಕೊಂಡವರ ನೆಮ್ಮದಿ. ನಾನು ಕೈಮುಗಿಯುತ್ತ ನಿಂತೆ. ಹತ್ತು ಹೆಜ್ಜೆ ಆಚೆ ಅವನೂ ಕೈಮುಗಿಯುತ್ತ ನಿಂತಿದ್ದ. ಅವರು ಅವನಿಗೂ ಅದನ್ನೇ ಹೇಳಿಹೋದರು.

ಎಣಿಕೆ ಗುಂಡ್ಲುಪೇಟೆಯಲ್ಲಿ, ಒಂದು ಕಾಲೇಜಿನ ಹಾಲಿನಲ್ಲಿ. ಹೆಂಡತಿ ತಿಂಡಿ ಕಟ್ಟಿಕೊಟ್ಟಳು. ಇದು ಪಕ್ಷಪಾತವಲ್ಲ, ಅವನು ಬಂದಿದ್ದರೂ ಕೊಡುತ್ತಿದ್ದೆ ಎಂದಳು. ಮತಪತ್ರಗಳನ್ನು ಮೇಜಿನ ಮೇಲೆ ಸುರಿದಾಗ ನನ್ನ ಕಿವಿಯಲ್ಲಿ ಬರೀ ಬಸ್ಸಿನ ಸದ್ದು. ಒಲೆ, ಹೊಲಿಗೆ ಯಂತ್ರ, ಒಲೆ, ಒಲೆ, ಹೊಲಿಗೆ ಯಂತ್ರ. ಎಣಿಸುವವರು ಮೈಸೂರು ನಗರದವರು, ಹಕಾರವನ್ನು ಸ್ಪಷ್ಟವಾಗಿ ಹೇಳುತ್ತಿದ್ದರು. ಅವರ ಬಾಯಿಂದ ಅದು ಬಂದಾಗಲೆಲ್ಲ ನನಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಎರಡೂ ಗುರುತಿನ ಮೇಲೆ ಮುದ್ರೆ ಒತ್ತಿದ ಒಂದು ಸಣ್ಣ ಕಟ್ಟನ್ನು ತಿರಸ್ಕೃತ ಎಂದು ಬೇರೆ ಇಟ್ಟರು. ಆಣೆಗೂ ಮೋಸವಾಗದಿರಲಿ, ಅರ್ಥಕ್ಕೂ ಮೋಸವಾಗದಿರಲಿ ಎಂದು ಎರಡು ಕಡೆಗೂ ನಡೆದುಕೊಂಡ ಆ ಹೆಂಗಸರ ಬಗ್ಗೆ ನನಗೆ ಇವತ್ತಿಗೂ ಗೌರವ.

ಒಂಬತ್ತು ಓಟಿನಿಂದ ಗೆದ್ದೆ.

ಹೊರಗೆ ಬಂದರೆ ಅವನು ಟೆಂಪೊಗೆ ಒರಗಿ ನಿಂತಿದ್ದ. ಮುಖ ಸಣ್ಣದಾಗಿತ್ತು. ಹತ್ತಿರ ಹೋಗಿ ಪಕ್ಕದಲ್ಲಿ ನಾನೂ ಒರಗಿದೆ. ಅವನೇ ಮಾತಾಡಿದ.

“ಮಾವ, ನೀ ನಂಗೆ ಕ್ಯಾನ್ವಾಸ್ ಮಾಡ್ದೆ, ನಾ ನಿಂಗೆ ಮಾಡ್ದೆ. ನಾ ವಸಿ ಜಾಸ್ತಿ ಮಾಡ್ಬುಟ್ಟೆ, ಅಷ್ಟೇಯ.”

ಅವನ ಟೆಂಪೊದಲ್ಲೇ ಊರಿಗೆ ಬಂದೆವು. ಈರುಳ್ಳಿ ಸಿಪ್ಪೆ ಗಾಳಿಗೆ ಎದ್ದು ನನ್ನ ಹಾರಕ್ಕೆ ಅಂಟಿಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಒಲೆಗೆ ಬಿದ್ದದ್ದರಲ್ಲಿ ನನ್ನವೆಷ್ಟು, ನನಗೆ ಬಿದ್ದದ್ದರಲ್ಲಿ ಅವನವೆಷ್ಟು. ಜನ ನನ್ನನ್ನು ಆರಿಸಿದರೋ, ಒಂದು ಅಕ್ಷರ ಆರಿಸಿತೋ. ಹೆಂಡತಿಯ ಮೇಲಿನ ನಿರ್ಬಂಧ ಅಂದಿಗೆ ಮುಗಿದಿತ್ತು. ಆಕೆಯನ್ನು ಕೇಳಿದೆ. ನಲ್ಲಿಗೆ ಅದೆಲ್ಲ ಯಾಕೆ ಬೇಕು ಎಂದಳು.

ಮೊದಲನೇ ಸಭೆಯಲ್ಲಿ ಎದ್ದು ನಿಂತು ‘ಮಾನ್ಯರೇ’ ಎಂದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೂ ಬಾಯಿಂದ ಬಂತು, ಮೇಲೆ ಏನೂ ಕಂಡಿರಲಿಲ್ಲ. ಎಲ್ಲರೂ ನಕ್ಕರು. ಆಮೇಲೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನೀರು ಬಿಡುವ ನೀರುಗಂಟಿಯನ್ನು ಕರೆಸಿ ಕೇಳಿದರೆ ಅವರು ಸಲೀಸಾಗಿ ಹೇಳಿದರು, ಬುಧವಾರ, ಶನಿವಾರ ಬೆಳಗ್ಗೆ ಕೆಳಗಿನ ಬೀದಿಯ ವಾಲ್ವ್ ಮುಚ್ಚಿದರೆ ಮೇಲಿನ ಬೀದಿಗೆ ನೀರು ತಾನಾಗಿ ಏರುತ್ತದೆ ಎಂದು. ಇಷ್ಟು ವರ್ಷ ಯಾಕೆ ಮುಚ್ಚಲಿಲ್ಲ ಎಂದೆ. ಮೆಂಬ್ರೆಲ್ಲ ಕೆಳಗಿನ ಬೀದಿಯವರೇ ಅಲ್ಲವಾ ಸ್ವಾಮಿ ಎಂದರು. ನನ್ನ ಹನ್ನೊಂದು ಅರ್ಜಿಯಲ್ಲೂ ವಾಲ್ವಿನ ಮಾತಿರಲಿಲ್ಲ. ನಾನೂ ಕೆಳಗಿನ ಬೀದಿಯವನೇ. ವಾಲ್ವ್ ನಮ್ಮ ಮನೆಯಿಂದ ನಾಲ್ಕು ಮಾರು ದೂರದಲ್ಲಿದೆ.

ಮೊದಲ ಬುಧವಾರ. ಬೆಳಕು ಇನ್ನೂ ಹರಿಯುತ್ತಿತ್ತು. ಹೆಂಡತಿ ಹಿತ್ತಲಿನ ನಲ್ಲಿ ತಿರುಗಿಸಿದಳು, ಅದು ಉಸಿರು ಬಿಟ್ಟು ಸುಮ್ಮನಾಯಿತು. ಅಂಗನವಾಡಿ ಮಕ್ಕಳಿಗೆ ಅನ್ನ ಬೇಯಿಸಬೇಕು. ಈ ಬೀದಿಗೆ ಮೆಂಬರು ಅಂತ ಯಾರಾದರೂ ಇದ್ದಾರಾ ಎಂದು ಬಾಗಿಲಿಗೆ ಕೇಳುವ ಹಾಗೆ ಕೇಳಿ, ನನ್ನ ಕೈಗೆ ಕೊಡ ಕೊಟ್ಟಳು. ಬೀದಿಯಲ್ಲಿ ಆಗಲೇ ನಾಲ್ಕು ಬಾಗಿಲು ತೆರೆದಿದ್ದವು. ಒಂದರಲ್ಲಿ ಅವನು ಬ್ರಷ್ ಕಚ್ಚಿಕೊಂಡು ನಿಂತಿದ್ದ. ನನ್ನ ಕೈಯಲ್ಲಿದ್ದ ಕೊಡವನ್ನು ನೋಡಿದ. ಒಳಗೆ ಹೋಗಿ ಅವನೂ ಒಂದು ಕೊಡ ತಂದ.

ಇಬ್ಬರೂ ಏರು ಹತ್ತಿದೆವು. ಮಂಜು ದಟ್ಟವಾಗಿತ್ತು. ಮೇಲೆ ಕೊಡಗಳ ಸದ್ದು, ಹೆಂಗಸರ ನಗು ಕೇಳಿಸುತ್ತಿತ್ತು, ಯಾರೂ ಕಾಣುತ್ತಿರಲಿಲ್ಲ. ಹತ್ತಿರ ಹೋದ ಮೇಲೆ ನೀರು ಕಂಡಿತು. ಬೆರಳು ದಪ್ಪ, ನಿಂತು ನಿಂತು ಬರುತ್ತಿತ್ತು, ಆದರೂ ಬರುತ್ತಿತ್ತು. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ದೊಡ್ಡವ್ವ ಕಾಲು ಚಾಚಿ ಕೂತು, ಯಾರ ಕೊಡ ಯಾರದಾದ ಮೇಲೆ ಎಂದು ಹೇಳುತ್ತಿದ್ದಳು. ನನ್ನನ್ನು ಕಂಡು ಒಬ್ಬಾಕೆ ಜಾಗ ಬಿಡಲು ಹೋದಳು. ದೊಡ್ಡವ್ವ ಕೈ ಅಡ್ಡ ಹಿಡಿದಳು.

“ಮೆಂಬ್ರಾದ್ರೂ ಸಾಲಲ್ಲಿ ನಿಂತ್ಕ ಮಗ. ನೀರು ಇರೋದು ಒಂದೇ ಗಂಟೆ.”

ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಹಿಂದೆ ಅವನು. ಮುಂದೆ ಎಷ್ಟು ಜನ ಇದ್ದಾರೆಂದು ಮಂಜಿನಲ್ಲಿ ಎಣಿಸಲು ಆಗುತ್ತಿರಲಿಲ್ಲ. ಕೊಡದ ಬಾಯಿಗೆ ಅಂಗೈ ಮುಚ್ಚಿಕೊಂಡು, ನನ್ನ ಸರದಿ ಬರುವವರೆಗೆ ನೀರು ನಿಲ್ಲದಿರಲಿ ಎಂದು ಕಾಯುತ್ತ ನಿಂತೆ.